ನೀಲಿ ಕೊಟ್ಟ ಬಿಳಿಮೀನು

ಕೆಂಪನಂಜಪ್ಪ ಮೀನಿನ ಎದೆಯ ರೆಕ್ಕೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಎತ್ತಿದ. ಒಣಗಿದ ರೆಕ್ಕೆ ಸುಟ್ಟ ಹಪ್ಪಳದ ಹಾಗೆ, ಒಂಚೂರು ಆತುರಪಟ್ಟರೂ ಪಟ್ಟನೆ ಮುರಿಯುತ್ತದೆ. ಅದಕ್ಕೇ ಉಸಿರು ಬಿಗಿಹಿಡಿದಿದ್ದ. ಹನೂರಿನ ಆ ಅರಣ್ಯ ಕಚೇರಿಯ ಕೋಣೆಯಲ್ಲಿದ್ದ ಉಳಿದವರೂ ಹಿಡಿದಿದ್ದರು.

ಮೇಜಿನ ಉದ್ದಕ್ಕೂ ಹಳೇ ಪೇಪರು ಹಾಸಿ ಮೀನನ್ನು ಮಲಗಿಸಿದ್ದರು. ಮೂರೂವರೆ ಅಡಿಯ ಬಿಳಿಮೀನು. ಕಾವೇರಿಯ ಮಡುಗಳಲ್ಲಿ ಬೆಳೆಯುವ, ಬೆನ್ನು ಗೂನಾದ, ಒಂದೊಂದು ಹುರುಪೆಯೂ ವೀಳ್ಯದೆಲೆಯಷ್ಟಿರುವ ದೊಡ್ಡ ಜಾತಿ. ಒಳಗೆ ಹೊಟ್ಟು ತುಂಬಿ, ಗಾಜಿನ ಕಣ್ಣಿಟ್ಟು, ಗೋಡೆಗೆ ನೇತುಹಾಕಲು ಹಲಗೆಗೆ ಕೂರಿಸಿದ್ದು. ಮೈಯೆಲ್ಲ ಬೆಳ್ಳಗೆ, ಮೊನ್ನೆ ಮೊನ್ನೆ ನೀರಿನಿಂದ ತೆಗೆದಂತೆ ಥಳಥಳ.

ಹಾಗೆ ಥಳಥಳಿಸಿದ್ದೇ ಮುನಿಯನಿಗೆ ಮುಳುವಾಗಿತ್ತು.

ಅಭಯಾರಣ್ಯದ ಒಳಗೆ ಈಗ ಮೀನು ಹಿಡಿಯುವ ಹಾಗಿಲ್ಲ. ನದಿಯ ದೊಡ್ಡ ಮಡುವಿನಲ್ಲಿ ಎಲ್ಲರೂ ಕಣ್ಣಾರೆ ಬಲ್ಲ ಹಿರಿಯ ಬಿಳಿಮೀನೊಂದು ಎರಡು ತಿಂಗಳಿಂದ ಕಾಣೆ. ಕಾಣೆಯಾಗಿದೆ ಅಂತ ಹದಿನೈದು ದಿನದ ಹಿಂದೆ ಕಾಡಿನ ಕ್ಯಾಂಪಿನಿಂದ ಬರೆದುಕಳಿಸಿದವನು ಇದೇ ಕಾವಲುಗಾರ ಮುನಿಯ. ನಿನ್ನೆ ಹೆಸರು ಹೇಳದ ಯಾರೋ ಕಚೇರಿಗೆ ಫೋನ್ ಮಾಡಿ, ನೀವು ಹುಡುಕುತ್ತಿರುವ ಮೀನು ಅವನ ಮನೆ ಗೋಡೆಯ ಮೇಲೇ ಇದೆ, ಹೋಗಿ ನೋಡಿ ಅಂದಿದ್ದರು. ಹೋಗಿ ನೋಡಿದರೆ ಇತ್ತು.

ಅದಕ್ಕಿಂತ ಕೆಟ್ಟದ್ದು ಮುನಿಯನ ಬಾಯಿಂದಲೇ ಬಂದ ಮಾತು. ಇಪ್ಪತ್ತು ದಿನ ಆ ಕ್ಯಾಂಪಿನಲ್ಲಿದ್ದು ಆಗ ತಾನೇ ಕಾಡಂಚಿನ ತನ್ನ ಹಾಡಿಗೆ, ಪೋಡಿಗೆ, ಬಂದಿದ್ದ. ಅವನ ಅಪ್ಪ, ಜಡೆಯ ಅನ್ನುವವನು, ಹಿಂದೆ ಗಾಳ ಹಾಕಲು ಬರುತ್ತಿದ್ದ ಸಾಹೇಬರ ಜೊತೆ ತೆಪ್ಪ ನಡೆಸುತ್ತಿದ್ದವನು. ಆಗ ಗಾಳ ಹಾಕಲು ಯಾರ ಅಡ್ಡಿಯೂ ಇರಲಿಲ್ಲ. ಸಾಹೇಬರೊಬ್ಬರು ಮೈಸೂರಿನಲ್ಲಿ ತುಂಬಿಸಿ ಕೊಟ್ಟಿದ್ದ ಮೀನು ನಲವತ್ತು ವರ್ಷದಿಂದ ಆ ಮನೆಯ ಗೋಡೆಯಲ್ಲಿತ್ತು. ಅಧಿಕಾರಿಗಳು ಇದೇನಯ್ಯಾ ಅಂದಾಗ ಮುನಿಯ ನೋಡಿದ, ಕಣ್ಣುಜ್ಜಿಕೊಂಡು ಇನ್ನೊಮ್ಮೆ ನೋಡಿದ, ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟ: ನಮ್ಮಪ್ಪನ ಮೀನು ಕರ್ರಗಿತ್ತು ಸಾ, ಇದು ನಮ್ದಲ್ಲ.

ನಿಮ್ಮದಲ್ಲ ಅಂದಮೇಲೆ ಇದು ಯಾವುದು, ಅದೆಲ್ಲಿ? ಮೀನಿನ ಜೊತೆ ಅವನನ್ನೂ ಜೀಪು ಹತ್ತಿಸಿದರು.

"ನಂಜಪ್ಪಣ್ಣ, ಏನಾದ್ರೂ ಕಾಣ್ತಾ?" ಪದ್ಮಿನಿ ಕೇಳಿದಳು. ಅವಳು ಈ ವಲಯದ ಅರಣ್ಯಾಧಿಕಾರಿ. ಹೆಗಲ ಮೇಲೆ ನಕ್ಷತ್ರ ಬಂದಿದ್ದರೂ ಕೆಂಪನಂಜಪ್ಪನ ಪಾಲಿಗೆ ಕೊಳ್ಳೇಗಾಲದ ಕಾಲೇಜಿನ ಪ್ರಾಣಿಶಾಸ್ತ್ರ ಲ್ಯಾಬಿನಲ್ಲಿ, ಕಪ್ಪೆ ಮುಟ್ಟಲು ಹೆದರಿ ಅವನ ಹಿಂದೆ ಅಡಗುತ್ತಿದ್ದ ಹುಡುಗಿಯೇ. ಮೂವತ್ತಮೂರು ವರ್ಷ ಆ ಲ್ಯಾಬಿನ ಅಟೆಂಡರಾಗಿ, ಅಲ್ಲಿನ ಹೊಟ್ಟು ತುಂಬಿದ ಹಕ್ಕಿ, ಹಾವು, ಮೀನುಗಳನ್ನು ಹೆತ್ತವನಂತೆ ನೋಡಿಕೊಂಡವನು ಕೆಂಪನಂಜಪ್ಪ. ಯಾರೂ ಕಲಿಸಿದ್ದಲ್ಲ, ಕೆಡಿಸಿ ಕೆಡಿಸಿ ಕಲಿತದ್ದು.

"ಬಾ ಪದ್ಮಿನಮ್ಮ, ನೀನೇ ನೋಡು. ಟಾರ್ಚ್ ಇಲ್ಲಿ ಬಿಡು."

ರೆಕ್ಕೆಯ ಅಡಿಯಲ್ಲಿ ಮೂರು ಬೆರಳಗಲದ ಜಾಗ ಕಪ್ಪಗಿತ್ತು. ಹುರಿದ ಕಾಫಿಬೀಜದ ಕಪ್ಪು. ಅದರ ಅಂಚಿನಿಂದಾಚೆಗೆ ಮೈ ಬೆಳ್ಳಗೆ.

ಮೂಲೆಯ ಬೆಂಚಿನ ಮೇಲೆ ಕೂತಿದ್ದ ಮುನಿಯ ತಲೆ ಎತ್ತಿದ.

ಕೆಂಪನಂಜಪ್ಪನಿಗೆ ಮಾತು ಬಂದರೆ ನಿಲ್ಲುವುದಿಲ್ಲ, ಈಗಂತೂ ನಿಲ್ಲಿಸುವವರೂ ಇರಲಿಲ್ಲ. ಮೀನಿನ ಚರ್ಮ ಎಷ್ಟು ಕೆರೆದರೂ ಒಳಗೆ ಕೊಬ್ಬು ಉಳಿದೇ ಉಳಿಯುತ್ತದೆ, ವರ್ಷ ಕಳೆದ ಹಾಗೆ ಅದು ಜಿನುಗಿ ಹೊರಗೆ ಬಂದು ಕಂದಾಗುತ್ತದೆ, ಬಳಿದ ವಾರ್ನಿಷು ಹಳದಿಯಾಗುತ್ತದೆ, ಅದರ ಮೇಲೆ ಒಲೆಯ ಹೊಗೆ ಸೇರಿತೋ ಮುಗಿಯಿತು ಅಂತ ವಿವರಿಸಿದ. ಅದನ್ನು ತಿರುಗಿ ತಿಳಿಯಾಗಿಸಬಹುದು. ಮೊದಲು ಸ್ಪಿರಿಟಿನಲ್ಲಿ ವಾರ್ನಿಷು ತೆಗೆಯಬೇಕು, ಪೆಟ್ರೋಲಿನಲ್ಲಿ ಎಣ್ಣೆ ತೆಗೆಯಬೇಕು, ಆಮೇಲೆ ನೀರು ಬೆರೆಸಿದ ಪೆರಾಕ್ಸೈಡನ್ನು ಹತ್ತಿಯಲ್ಲಿ ಒತ್ತಿ ಒತ್ತಿ, ದಿನಕ್ಕಿಷ್ಟು ಅಂತ ಬಿಸಿಲು ತೋರಿಸುತ್ತಾ ಬಣ್ಣ ಇಳಿಸಬೇಕು. ತಾನು ಮೊದಲ ಸಲ ಪೆರಾಕ್ಸೈಡನ್ನು ಹಾಗೇ ಸುರಿದು, ಕಾಲೇಜಿನ ಮೀನಿನ ಹುರುಪೆಗಳೆಲ್ಲ ಮುಳ್ಳುಹಂದಿಯ ಹಾಗೆ ನೆಟ್ಟಗೆ ನಿಂತು, ಪ್ರೊಫೆಸರು ಅದಕ್ಕೆ ಹೊಸ ಜಾತಿಯ ಹೆಸರಿಡೋಣವಾ ಅಂತ ಕೇಳಿದ್ದನ್ನೂ ಹೇಳಿದ. ಗಾರ್ಡುಗಳು ನಕ್ಕರು. ಮುನಿಯನೂ ನಕ್ಕ, ನಕ್ಕಿದ್ದಕ್ಕೆ ಗಾಬರಿಯಾಗಿ ಬಾಯಿ ಮುಚ್ಚಿಕೊಂಡ.

"ಎರಡು ತಿಂಗಳ ಮೀನಿಗೆ ಈ ಕಪ್ಪು ಬರೋದಿಲ್ಲ," ಅಂದ ಕೆಂಪನಂಜಪ್ಪ. "ಇದು ಹಳೇ ಮೀನು. ಯಾರೋ ಬೆಳ್ಳಗೆ ಮಾಡವ್ರೆ. ಮುನಿಯಾ, ಇದು ನಿಮ್ಮಪ್ಪಂದೇ ಕಣಪ್ಪ."

ಮುನಿಯ ಎದ್ದು ಬಂದು ಮೀನಿನ ಗಾಜಿನ ಕಣ್ಣನ್ನೇ ನೋಡಿದ. ಮುಟ್ಟಲಿಲ್ಲ.

ಪದ್ಮಿನಿ ಮಾತ್ರ ಇನ್ನೂ ಉಸಿರು ಬಿಟ್ಟಿರಲಿಲ್ಲ. ಮೇಜಿನ ಮೇಲಿದ್ದ ಇನ್ನೊಂದು ಕಾಗದವನ್ನು ಅವನ ಮುಂದಕ್ಕೆ ಸರಿಸಿದಳು. ನಿನ್ನೆ ಸಂಜೆ ಯಳಂದೂರಿನಿಂದ ಕರೆಸಿದ್ದ ಪ್ರಭುಸ್ವಾಮಿ ಬರೆದುಕೊಟ್ಟ ಅಭಿಪ್ರಾಯ. ಶಾಲೆಗಳಿಗೆ ಪ್ರಾಣಿಗಳ ಮಾದರಿ ಮಾಡಿಕೊಡುವವನು, ಸುತ್ತಮುತ್ತ ಈ ಕೆಲಸ ಬಲ್ಲವನು ಅವನೊಬ್ಬನೇ. ಮೀನು ಹೊಸದು, ಸತ್ತು ಎರಡು ತಿಂಗಳೊಳಗೆ, ಅಂತ ಗುಂಡಾದ ಅಕ್ಷರದಲ್ಲಿ ಬರೆದಿದ್ದ.

ಆ ಅಕ್ಷರ ನೋಡಿ ಕೆಂಪನಂಜಪ್ಪನಿಗೆ ಕಸಿವಿಸಿಯಾಯಿತು. ಹನ್ನೊಂದು ವರ್ಷ ಪ್ರಭು ಅವನ ಕೈಕೆಳಗೆ ಅದೇ ಲ್ಯಾಬಿನಲ್ಲಿದ್ದವನು. ಮೀನು ಕೈಗೆ ಬಂದರೆ ಮೊದಲು ರೆಕ್ಕೆ ಎತ್ತಿ ನೋಡು ಅಂತ ಕಲಿಸಿದ್ದೇ ತಾನು. ಸಂಜೆಗತ್ತಲು, ಆತುರ, ನೋಡಿರಲಿಕ್ಕಿಲ್ಲ ಅಂದುಕೊಂಡು ಕಾಗದವನ್ನು ಪಕ್ಕಕ್ಕಿಟ್ಟ.

"ನಂಗೆ ನಿಮ್ಮ ಮಾತು ಸಾಕು," ಅಂದಳು ಪದ್ಮಿನಿ. "ಕೋರ್ಟಿಗೆ ಸಾಲದು. ಒಬ್ಬರು ಹೊಸದು ಅಂತ ಬರೆದವ್ರೆ, ಒಬ್ಬರು ಹಳೇದು ಅಂತೀರಿ. ಬೆಳ್ಳಗೆ ಮಾಡಿದವರು ಬಂದು, ಹೌದು ನಾನೇ ಮಾಡಿದ್ದು ಅನ್ಬೇಕು. ನಾಲ್ಕು ಗಂಟೆಗೆ ಇವನನ್ನ ಕೊಳ್ಳೇಗಾಲದ ಕೋರ್ಟಲ್ಲಿ ನಿಲ್ಲಿಸ್ಬೇಕು ನಾನು. ನಿಲ್ಲಿಸಿದೆ ಅಂದ್ರೆ ಕೆಲಸ ಹೋಯ್ತು ಅಂತಲೇ. ಆಮೇಲೆ ಹಳೇದು ಅಂತ ಗೊತ್ತಾದ್ರೂ ವಾಪಸ್ ಬರಲ್ಲ."

ಗಡಿಯಾರದಲ್ಲಿ ಹತ್ತೂ ಕಾಲು.

ಕೆಂಪನಂಜಪ್ಪ ಹತ್ತಿಯನ್ನು ಬೆಚ್ಚನೆ ನೀರಲ್ಲಿ ಅದ್ದಿ ಮೀನಿನ ಹೊಟ್ಟೆಯ ಹುರುಪೆಗಳ ಸಂದಿಯಲ್ಲಿ ಸುಮ್ಮನೆ ಎಳೆದ. ಕೊಳೆಯೇನಾದರೂ ಬರಬಹುದು ಅಂತ ನೋಡಿದ್ದು. ಕೊಳೆ ಬರಲಿಲ್ಲ. ಹತ್ತಿಯ ತುದಿಯಲ್ಲಿ ಬಂದದ್ದು ನಸುನೀಲಿ.

ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಬಿಳಿಪಂಚೆಗೆ ಕೊನೇ ನೀರಿನಲ್ಲಿ ಕೊಡುತ್ತಾರಲ್ಲ, ಅದೇ ನೀಲಿ.

ಮೀನಿಗೆ ಯಾರೂ ನೀಲಿ ಕೊಡುವುದಿಲ್ಲ. ಮೀನಿನ ಕೆಲಸ ಬಲ್ಲವರು ಯಾರೂ ಕೊಡುವುದಿಲ್ಲ. ಪೆರಾಕ್ಸೈಡಿನಲ್ಲಿ ಬೆಳ್ಳಗೆ ಮಾಡಿ, ಆಮೇಲೆ ಬಿಳುಪು ಎದ್ದು ಕಾಣಲಿ ಅಂತ ಕೊನೆಯ ನೀರಿಗೆ ಚಿಟಿಕೆ ನೀಲಿ ಹಾಕುವುದು ಒಂದೇ ಕಸುಬಿನವರು: ರೇಷ್ಮೆಗೆ ಬಣ್ಣ ಹಾಕುವವರು.

"ಕೊಳ್ಳೇಗಾಲ," ಅಂದ ಕೆಂಪನಂಜಪ್ಪ.

"ಕೊಳ್ಳೇಗಾಲದಲ್ಲಿ ಆ ಕೆಲಸ ಮಾಡೋರು ಎಷ್ಟು ಜನ ಇದ್ದಾರೆ ಅಂತ ಗೊತ್ತಾ ನಂಜಪ್ಪಣ್ಣ?"

ಗೊತ್ತಿತ್ತು. ಆದರೆ ಅವನು ಪದ್ಮಿನಿಯ ಕಡೆ ನೋಡುತ್ತಿರಲಿಲ್ಲ. ಬಾಗಿಲ ಹೊರಗೆ ಹೊಂಗೆಮರದ ಕೆಳಗೆ ಬೆಳಗಿನಿಂದ ಕುಕ್ಕರಗಾಲಲ್ಲಿ ಕೂತಿದ್ದ ಮುನಿಯನ ಹೆಂಡತಿ ಕೇತಮ್ಮ, ಕೊಳ್ಳೇಗಾಲ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತು, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಕೆಂಪನಂಜಪ್ಪ ಎರಡು ಲೋಟ ಟೀ ತರಿಸಿ ಹೊಂಗೆಮರದ ಕೆಳಗೆ ತಾನೂ ಕುಕ್ಕರಿಸಿದ. ಮಂಡಿ ನೋಯುತ್ತಿತ್ತು, ಆದರೂ ಕೂತ. ಮೀನಿನ ಮಾತೇ ಎತ್ತಲಿಲ್ಲ. ಪೋಡಿನಲ್ಲಿ ಈ ಸಲ ರಾಗಿ ಹೇಗೆ, ಆನೆ ಬಂತಾ, ಜೇನು ಸಿಕ್ಕಿತಾ ಅಂತ ಕೇಳಿದ. ಕೇತಮ್ಮ ಊಂ ಅಂದಳು, ಊಹೂಂ ಅಂದಳು. ಟೀ ಅರ್ಧ ಇಳಿದ ಮೇಲೆ ಅವಳೇ ಬಾಯಿಬಿಟ್ಟಳು.

"ಮೀನಿನ ಚರ್ಮಕ್ಕ ಕೈ ಹಾಕ್ದೋರ್ಗ ಏಳ್ ವರ್ಸ ಅಂತಲ್ಲಾ ಸಾ?"

ಹಾಗಂತ ಯಾರು ಹೇಳಿದರು ಅಂತ ಕೇಳಿದ. ನಿನ್ನೆ ಸಂಜೆ ಬಂದು ಕಾಗದ ಬರೆದುಕೊಟ್ಟರಲ್ಲ, ಬೈಕಿನವರು, ಅವರೇ ಹೋಗುವಾಗ ಇಲ್ಲಿ ನಿಂತು ಹೇಳಿದರಂತೆ. ಮನೆಯವರು ಯಾರಾದರೂ ಆ ಮೀನನ್ನು ಉಜ್ಜಿದ್ದು ತೊಳೆದದ್ದು ಇದ್ದರೆ ಬಾಯಿ ಬಿಡಬೇಡಿ, ಗಂಡ ಹೆಂಡ್ತಿ ಇಬ್ಬರೂ ಒಳಗೆ ಹೋಗ್ತೀರಿ, ನಿಮ್ಮ ಒಳ್ಳೇದಕ್ಕೆ ಹೇಳ್ತಿದೀನಿ ಅಂತ.

ಕೆಂಪನಂಜಪ್ಪ ಲೋಟ ಕೆಳಗಿಟ್ಟ. ಮನಸ್ಸಿನಲ್ಲಿ ಏನೋ ಚುಚ್ಚಿತು. ಅದನ್ನು ಅಲ್ಲೇ ಅದುಮಿ, ಹಾಗೆ ಯಾವ ಕಾನೂನೂ ಇಲ್ಲ ಅಂತ ಹೇಳಿದ. ತನ್ನ ಅರವತ್ತಾರು ವರ್ಷದ ಆಣೆ ಮಾಡಿ ಹೇಳಿದ. ನಿಮ್ಮ ಮಾವನ ಮೀನು, ನೀವು ಒರೆಸಿದಿರಿ, ಅದರಿಂದಲೇ ಗಂಡ ಬಿಡುಗಡೆಯಾಗೋದು ತಾಯಿ, ಅಂದ.

ಕೇತಮ್ಮನ ಮುಖ ಕಂಡೂ ಕಾಣದ ಹಾಗೆ ಸಡಿಲವಾಯಿತು. ಆಮೇಲೆ ಒಂದೇ ಸಮನೆ ಹೇಳಿದಳು. ಮುನಿಯ ಚಿಕ್ಕವನಿದ್ದಾಗ ಆ ಮೀನು ಬೆಳುದಿಂಗಳ ಹಾಗಿತ್ತಂತೆ. ಒಲೆ ಹೊಗೆಗೆ ಕಪ್ಪಾಗಿ ಕಪ್ಪಾಗಿ ಇದ್ದಿಲಿನ ಹಾಗಾಯಿತು. ಅದರ ಬಣ್ಣ ಯಾವುದಿತ್ತು ಅನ್ನೋದೇ ಮರೆತುಹೋಯಿತು ಕಣಮ್ಮೀ ಅಂತ ಮೊನ್ನೆ ಮಾರ್ನಮಿಯಲ್ಲಿ ಅವನು ಅಂದನಂತೆ. ಅವನು ಕ್ಯಾಂಪಿಗೆ ಹೋದದ್ದೇ ಇವಳು ಮೀನನ್ನು ಹಳೇ ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದಳು. ತಿರುಗಿ ಬಂದಾಗ ನೋಡಿ ಬೆರಗಾಗಲಿ ಅಂತ.

"ಬೆರಗಾದ್ರು ಸಾ," ಅಂದಳು. "ಜೀಪ್ನೋರ್ ಜೊತ್ಗೇ ನಿಂತ್ಕಂಡು ಬೆರಗಾದ್ರು."

ಖಾಕಿಯವರನ್ನು ಕಂಡು ಹೆದರಿ ಆಗ ಬಾಯಿಬಿಟ್ಟಿರಲಿಲ್ಲ, ಬಿಡೋಣ ಅನ್ನುವಷ್ಟರಲ್ಲಿ ಬೈಕಿನವರು ಏಳು ವರ್ಷ ಅಂದಿದ್ದರು. ಯಾರು ಮಾಡಿಕೊಟ್ಟರು ಅಂತ ಕೇಳಿದರೆ ಮಾತ್ರ ತಲೆ ಅಲ್ಲಾಡಿಸಿದಳು. ಅವರು ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿಗಿರುವವರು, ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಹೆಸರು ಹೇಳಲ್ಲ ಅಂತ ಮಾತು ಕೊಟ್ಟಿದ್ದಾಳೆ. ಮಾತು ಕೊಟ್ಟ ಮೇಲೆ ಕೊಟ್ಟಂತೆ. ಕೆಂಪನಂಜಪ್ಪ ಬೇಡಿಕೊಂಡ, ಗಡಿಯಾರ ತೋರಿಸಿದ. ಕೇತಮ್ಮ ಒಳಗೆ ಬೆಂಚಿನ ಮೇಲಿದ್ದ ಗಂಡನ ಬೆನ್ನನ್ನು ನೋಡಿದಳು. ಆಮೇಲೆ ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಹೆಸ್ರ ಯೋಳಲ್ಲ ಅಂತ ತಾನೇ ಮಾತ್ ಕೊಟ್ಟಿರಾದು. ನಾನು ನಡ್ಕಂಡ್ ಓಯ್ತೀನಿ. ಹಿಂದ್ಗಡೆ ನೀವ್ ಬಂದ್ರ ನಾನೇನ್ ಮಾಡಾನೆ?"

ಬಸ್ಸಿನಲ್ಲಿ ಅವಳು ಮುಂದೆ ಕೂತಳು, ಆಧಾರ್ ತೋರಿಸಿ ಟಿಕೆಟ್ ತೆಗೆದುಕೊಂಡಳು. ಇವನು ನಾಲ್ಕು ಸೀಟು ಹಿಂದೆ. ಕಾಮಗೆರೆಯಲ್ಲಿ ಆಸ್ಪತ್ರೆಗೆ ಹೋಗುವವರೆಲ್ಲ ಇಳಿದು ಬಸ್ಸು ಬರಿದಾದರೂ ಅವಳು ತಿರುಗಿ ನೋಡಲಿಲ್ಲ. ಪರಿಚಯವೇ ಇಲ್ಲದವರ ಹಾಗೆ ಕೊಳ್ಳೇಗಾಲದಲ್ಲಿ ಇಳಿದರು. ಅವಳು ಮುಂದೆ ಮುಂದೆ, ಇವನು ಇಪ್ಪತ್ತು ಹೆಜ್ಜೆ ಹಿಂದೆ ಹಿಂದೆ. ಮಗ್ಗದ ಸದ್ದಿನ ಓಣಿ ದಾಟಿ, ಮೋರಿಯಲ್ಲಿ ಒಮ್ಮೆ ಕೆಂಪು ಒಮ್ಮೆ ಹಸಿರು ನೀರು ಹರಿಯುವ ಇನ್ನೊಂದು ಓಣಿಗೆ ಬಂದು, ತಗಡಿನ ಶೆಡ್ಡೊಂದರ ಮುಂದೆ ಕೇತಮ್ಮ ನಿಂತಳು. ಚಪ್ಪಲಿಯೊಳಗೆ ಕಲ್ಲು ಸೇರಿದವಳ ಹಾಗೆ ಬಗ್ಗಿ ಚಪ್ಪಲಿ ಕೊಡವಿದಳು. ಆಮೇಲೆ ಎದುರಿನ ಜಗಲಿಯ ಮೇಲೆ ಹೋಗಿ ಕೂತುಬಿಟ್ಟಳು.

ಶೆಡ್ಡಿನೊಳಗೆ ಸೋಪುನೀರಿನ ಬಿಸಿ ಹಬೆ. ಕೋಲಿಗೆ ಪೋಣಿಸಿದ ರೇಷ್ಮೆ ನೂಲಿನ ಲಡಿಗಳನ್ನು ತೊಟ್ಟಿಯಲ್ಲಿ ಒಂದೊಂದಾಗಿ ತಿರುವಿ ಹಾಕುತ್ತಿದ್ದವನಿಗೆ ಐವತ್ತರ ಸುಮಾರು. ಬೆರಳ ತುದಿಗಳೆಲ್ಲ ಸುಣ್ಣ ಮೆತ್ತಿದಂತೆ ಬೆಳ್ಳಗೆ, ಪೆರಾಕ್ಸೈಡ್ ಮುಟ್ಟುವವರ ಕೈ. ಹೆಸರು ಪುಟ್ಟಬಸಪ್ಪ ಅಂತ ಗೋಡೆಗೆ ಸಿಕ್ಕಿಸಿದ್ದ ಅವನ ಊಟದ ಬ್ಯಾಗಿನ ಮೇಲೆ ಬರೆದಿತ್ತು.

ಕೆಂಪನಂಜಪ್ಪ ತಾನು ಕಾಲೇಜಿನ ಲ್ಯಾಬಿನಲ್ಲಿದ್ದವನು ಅಂತ ಹೇಳಿಕೊಂಡು, ಒಂದು ತುಂಬಿದ ಮೀನಿನ ವಿಷಯ ಮಾತಾಡಬೇಕಿತ್ತು ಅಂದ.

ಪುಟ್ಟಬಸಪ್ಪನ ಕೈ ನಿಂತಿತು. ಮೀನು ಕೇಳಬೇಕಾದರೆ ಸಂತೆಗೆ ಹೋಗಿ ಅಂದ, ಇಲ್ಲಿ ಬರೋದು ನೂಲು ಮಾತ್ರ. ತಿರುಗಿ ಲಡಿ ಎತ್ತಿದ. ಎತ್ತಿದ್ದನ್ನೇ ಮತ್ತೆ ಅದೇ ಕಡೆ ಹಾಕಿದ. ಎದುರು ಜಗಲಿಯ ಮೇಲಿದ್ದ ಕೇತಮ್ಮನನ್ನು ಕಂಡವನೇ ಮೋರೆ ಕೆಂಪಾಗಿ, ಆಯಮ್ಮ ಹೇಳಿದ್ಳಾ ಅಂತ ಕೇಳಿದ.

"ಹೆಸರು ಹೇಳಿಲ್ಲ. ಪ್ರಾಣ ಹೋದ್ರೂ ಹೇಳಲ್ಲ ಅಂತ ಕೂತವ್ಳೆ. ನಿನ್ನ ಹೆಸ್ರು ಹೇಳಿದ್ದು ನಿನ್ನ ಕೈಯೇ ಕಣಪ್ಪ," ಅಂದ ಕೆಂಪನಂಜಪ್ಪ. ಜೇಬಿನಿಂದ ಹತ್ತಿ ತೆಗೆದು ತೋರಿಸಿದ. "ಮೀನಿಗೆ ನೀಲಿ ಕೊಟ್ಟಿದ್ದೀಯಲ್ಲ."

ಪುಟ್ಟಬಸಪ್ಪ ಹತ್ತಿ ನೋಡಿದ. ತನ್ನ ಕೈ ನೋಡಿಕೊಂಡ. ಬಿಗಿದ ಮುಖದಲ್ಲಿ ಮೊದಲು ಬಂದದ್ದು ನಾಚಿಕೆ, ಅದರ ಹಿಂದೆಯೇ ನಗು.

"ಕೊಟ್ನಾ? ಥೂ. ಕೊಟ್ಟಿದ್ದೇ ಗೊತ್ತಿಲ್ಲ ಸಾ. ಮೂವತ್ತು ವರ್ಷದಿಂದ ಬಿಳೀದು ಮುಗೀತು ಅಂದ್ರೆ ಕೈ ನೀಲಿ ಡಬ್ಬಕ್ಕೇ ಹೋಗೋದು."

ಅಷ್ಟಕ್ಕೆ ಒಪ್ಪಿಕೊಂಡ ಅಂದುಕೊಂಡರೆ, ಇಲ್ಲ. ಹೌದು ಮಾಡಿದ್ದೇನೆ, ಆದರೆ ಕಚೇರಿಗೆ ಬಂದು ಹೇಳು ಅಂದರೆ ಆಗದು ಅಂದ. ಪೆರಾಕ್ಸೈಡು ಮಾಲೀಕರದ್ದು, ಶೆಡ್ಡು ಮಾಲೀಕರದ್ದು. ಮನೆಯಲ್ಲಿ ತನ್ನದೊಂದೇ ದುಡಿಮೆ. ಕೆಂಪನಂಜಪ್ಪ ಜೋರು ಮಾಡಲಿಲ್ಲ. ಮುನಿಯ ಬೆಂಚಿನ ಮೇಲೆ ಕೂತಿರುವುದನ್ನು, ನಾಲ್ಕು ಗಂಟೆಯನ್ನು, ಆ ಹೆಂಗಸು ಇಪ್ಪತ್ತು ಹೆಜ್ಜೆ ಮುಂದೆ ನಡೆದು ಬಂದದ್ದನ್ನು ಹೇಳಿದ. ಕೊನೆಗೆ, ಕೆಲಸ ಮಾತ್ರ ಚೆನ್ನಾಗಿ ಮಾಡಿದ್ದೀಯ, ಒಂದು ಹುರುಪೆ ಎದ್ದಿಲ್ಲ, ರೆಕ್ಕೆಯ ಅಡಿ ಒಂದು ಕಡೆ ಮರೆತೆ ನೋಡು, ಅಂದ.

ಆ ಮಾತು ನಾಟಿತು.

"ಮರೆತದ್ದಲ್ಲ ಸಾ, ಬಿಟ್ಟಿದ್ದು," ಅಂದ ಪುಟ್ಟಬಸಪ್ಪ. ಅಂಗಳದಲ್ಲಿ ಒಣಗುತ್ತಿದ್ದ ಲಡಿಯೊಂದನ್ನು ತಂದು, ಅದರ ದಾರದ ಕಟ್ಟನ್ನು ಸರಿಸಿ ತೋರಿಸಿದ. ಕಟ್ಟಿನ ಅಡಿ ಬೆರಳಗಲ ನೂಲು ಹಳದಿಯಾಗೇ ಇತ್ತು, ಉಳಿದದ್ದೆಲ್ಲ ಮಲ್ಲಿಗೆ. "ಮೊದ್ಲು ಹೆಂಗಿತ್ತು ಅಂತ ಗಿರಾಕಿಗೆ ತೋರ್ಸಕ್ಕೆ ಒಂಚೂರು ಹಂಗೇ ಬಿಡ್ಬೇಕು. ಇಲ್ದಿದ್ರೆ, ಏನ್ ಮಾಡ್ದೆ ನೀನು ಅಂತಾರೆ. ಮೀನಿಗೆ ಕಟ್ಟು ಎಲ್ಲಿ ಹಾಕ್ಲಿ? ರೆಕ್ಕೆ ಅಡಿ ಬಿಟ್ಟೆ."

ಕೆಂಪನಂಜಪ್ಪನಿಗೆ ಹುಡುಕಿ ಬಂದದ್ದು ಕಾಲ ಕೆಳಗೇ ಸಿಕ್ಕಿದ ಹಾಗಾಯಿತು. ಇದನ್ನೇ, ಇಷ್ಟನ್ನೇ, ಈ ಲಡಿಯನ್ನೇ ಹಿಡಿದು ಹೇಳು, ಮುನಿಯ ಈ ಹೊತ್ತೇ ಮನೆಗೆ ಹೋಗುತ್ತಾನೆ, ಅಂದ.

ಪುಟ್ಟಬಸಪ್ಪ ಬಾಯಿ ತೆರೆಯುವಷ್ಟರಲ್ಲಿ ಹಬೆಯ ಆಚೆಯಿಂದ ಬೇರೊಂದು ದನಿ ಬಂತು. ಶೆಡ್ಡಿನ ಮಾಲೀಕರು ದೊಡ್ಡಸಿದ್ದಯ್ಯ, ಒಳಕೋಣೆಯ ಹೊಸ್ತಿಲ ಮೇಲೆ ಎಲೆಯಡಿಕೆ ಮಡಿಸುತ್ತಾ ನಿಂತಿದ್ದರು.

"ಲೇ ಪುಟ್ಟಬಸಾ, ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ಯಾ? ಹದಿನೈದು ದಿನದ ಹಿಂದೆ ಕಳ್ಸಿದ ಲಡಿಯಲ್ಲಿ ಮೀನಿನ ವಾಸನೆ ಬತ್ತದೆ ಅಂತ ಗಿರಾಕಿ ಬಾಯಿಗೆ ಬಂದಂಗೆ ಬೈದ. ನಮ್ಮೋನು ಉಪ್ಸಾರು ಬಿಟ್ಟು ಮೀನುಸಾರು ಶುರು ಮಾಡವ್ನೆ ಅಂತ ಹೇಳಿ ತಪ್ಪಿಸ್ಕೊಂಡೆ. ಹೋಗಿ ಹೇಳಿ ಬಾ, ಹೋಗು. ಕೆಲಸ ಎಲ್ಲಿಗೂ ಹೋಗಲ್ಲ."

ಪುಟ್ಟಬಸಪ್ಪ ಸೊಂಟದ ಟವೆಲಿನಲ್ಲಿ ಮುಖ ಒರೆಸಿಕೊಂಡ. ಒರೆಸಿಕೊಂಡೇ ಇದ್ದ. ಮಾಲೀಕರು ಎಲೆ ಬಾಯಿಗೆ ಹಾಕಿಕೊಂಡು, ಬೆಂಕಿ ಜಾಸ್ತಿಯಾಯ್ತು ನೋಡು ಅಂತ ಹೇಳಿ ಒಳಗೆ ಹೋದರು.

ಪದ್ಮಿನಿಗೆ ವೀಡಿಯೋ ಕಾಲ್ ಹೋಯಿತು. ಒಂದು ಕೈಯಲ್ಲಿ ಲಡಿ, ಇನ್ನೊಂದರಲ್ಲಿ ನೀಲಿ ಡಬ್ಬ ಹಿಡಿದು ಪುಟ್ಟಬಸಪ್ಪ ಎಲ್ಲ ಹೇಳಿದ: ಎಂದು ತಂದರು, ಎಷ್ಟು ದಿನ ಹಿಡಿಯಿತು, ರೆಕ್ಕೆಗೆ ಸೀರೆಯಂಚಿಗೆ ಹಾಕುವ ಕೆಂಪನ್ನೇ ತೆಳುಮಾಡಿ ಹಚ್ಚಿದ್ದು. ಪದ್ಮಿನಿ ಆ ಕಡೆ ಮೀನಿನ ರೆಕ್ಕೆ ಎತ್ತಿ, ಬಿಟ್ಟ ಜಾಗ ಎಷ್ಟಗಲ ಅಂತ ಕೇಳಿದಳು. ಮೂರು ಬೆರಳು ಅಂತ ಇವನು ನೋಡದೆಯೇ ಹೇಳಿದ. ಸಂಜೆಯೊಳಗೆ ಹನೂರಿಗೆ ಬಂದು ಸಹಿ ಹಾಕುತ್ತೇನೆ ಅಂತಲೂ ಒಪ್ಪಿದ.

ಇಷ್ಟಾದ ಮೇಲೆ ಕೋರ್ಟಿಗೆ ಕಳಿಸೋ ಮಾತೇ ಇಲ್ಲ ಅಂದಳು ಪದ್ಮಿನಿ. ದನಿಯಲ್ಲಿ ಅಧಿಕಾರಿ ಹೋಗಿ ಲ್ಯಾಬಿನ ಹುಡುಗಿ ಬಂದಿದ್ದಳು. ಕೇತಮ್ಮನನ್ನು ಜಗಲಿಯಿಂದ ಕರೆದು ಫೋನು ಕೊಟ್ಟರು. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಪರದೆಯ ಮೇಲೆ ಮುನಿಯನ ಮುಖ ಬಂತು.

"ಕರ್ರಗಿದ್ರೂ ನಮ್ಮಪ್ಪಂದೇ, ಬೆಳ್ಳಗಿದ್ರೂ ನಮ್ಮಪ್ಪಂದೇ," ಅಂದ ಮುನಿಯ. "ಮದ್ಲೇ ಒಂದ್ ಮಾತ್ ಯೋಳಿದ್ರ, ಅದು ನಮ್ದಲ್ಲ ಅಂತ ನಮ್ಮಪ್ಪನ್ ಮುಂದ ಸುಳ್ಳಾಡ್ತಿರ್ನಿಲ್ಲ ಕನಮ್ಮೀ."

"ಚೆಂದಾಗದಾ?" ಕೇತಮ್ಮ ಕೇಳಿದಳು.

"ಅದ. ಬ್ಯಾಗ ಬಾ."

ಕೆಂಪನಂಜಪ್ಪ ಹಬೆ ಕಣ್ಣಿಗೆ ಹೋಯಿತು ಅಂತ ಆ ಕಡೆ ತಿರುಗಿ ನಿಂತ. ಹನ್ನೆರಡೂವರೆಗೆ ಕೇತಮ್ಮ ಹನೂರಿನ ಬಸ್ಸಿಗೆ ಅಂತ ಹೊರಟಳು. ಹೋಗುವಾಗ ಪುಟ್ಟಬಸಪ್ಪನ ಮುಂದೆ ನಿಂತು, ನಾನು ಹೆಸರು ಹೇಳಲಿಲ್ಲ ಕಣಪ್ಪ ಅಂತ ನೆನಪಿಸಿ ಹೋದಳು.

ಕೆಂಪನಂಜಪ್ಪನ ಮೈ ಹಗುರಾಗಿತ್ತು. ಪುಟ್ಟಬಸಪ್ಪ ಅಂಗಡಿಯಿಂದ ಎರಡು ಟೀ, ಎರಡು ಬನ್ನು ತರಿಸಿದ. ಹೇಳಿಕೆಯ ವಿಷಯ ನೆನಪಾಗಿ, ಮೇಡಮ್ಮೋರು ಕೇಳಿದರೆ ಯಾರು ಬಂದಿದ್ದರು ಅಂತ ಹೇಳಲಿ, ನಿಮ್ಮ ಹೆಸರೇ ಕೇಳಲಿಲ್ಲವಲ್ಲ ಸಾ, ಅಂದ.

"ಕೆಂಪನಂಜಪ್ಪ."

ಬನ್ನು ಪುಟ್ಟಬಸಪ್ಪನ ಬಾಯಿಯ ಹತ್ತಿರವೇ ನಿಂತಿತು.

"ಅಲ್ಲಾ ಸಾ," ಅಂದ. "ಆ ಇನ್ನೊಂದು ಮೀನು ತಂದುಕೊಟ್ಟೋರೂ ಕೆಂಪನಂಜಪ್ಪ ಅಂತಲೇ ಹೇಳಿದ್ರಲ್ಲ. ಕಾಲೇಜ್ ಲ್ಯಾಬು ಅಂತಲೇ ಹೇಳಿದ್ರು."

ಯಾವ ಇನ್ನೊಂದು ಮೀನು ಅಂತ ಕೆಂಪನಂಜಪ್ಪ ಕೇಳಿದ.

ಪುಟ್ಟಬಸಪ್ಪ ಹೇಳಿದ್ದು ಇಷ್ಟು. ಕೇತಮ್ಮನ ಮೀನನ್ನು ಹಿಂದಿನ ಅಂಗಳದಲ್ಲಿ ಒಣಗಲು ಇಟ್ಟಿದ್ದ ದಿನ ಒಬ್ಬರು ಬೈಕಿನಲ್ಲಿ ಬಂದಿದ್ದರು. ಗೋಣಿಯಲ್ಲಿ ಅದಕ್ಕಿಂತ ದೊಡ್ಡ ಬಿಳಿಮೀನು, ಹಲಗೆ ಇನ್ನೂ ಬಡಿದಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ತಿರುಗುಮುರುಗು ಕೆಲಸ. ಬೆಳ್ಳಗಿದ್ದದ್ದನ್ನು ಕಪ್ಪು ಮಾಡಬೇಕು, ನಲವತ್ತೈವತ್ತು ವರ್ಷ ಹೊಗೆ ಕುಡಿದಂತೆ ಕಾಣಬೇಕು. ಮೇಲೆ ಬಳಿದರೆ ಉಜ್ಜಿದಾಗ ಬರುತ್ತದೆ, ರೇಷ್ಮೆಗೆ ಇಳಿಸಿದ ಹಾಗೆ ಚರ್ಮದೊಳಕ್ಕೆ ಇಳಿಸಬೇಕು, ಅದು ನಿಮ್ಮ ಕೈಲೇ ಆಗೋದು ಅಂತ ಉಬ್ಬಿಸಿದ್ದರು. ಹಾಗೇ ನಿಂತು ಮಾತಾಡುತ್ತಾ ಕೇತಮ್ಮನ ಮೀನನ್ನು ಕಂಡು, ಇದು ಯಾರದು ಅಂತ ವಿಚಾರಿಸಿದ್ದರು.

"ನೀನು ಹೇಳಿದೆ."

"ಹೇಳ್ದೆ ಸಾ. ಹನೂರಿನಾಚೆ ಪೋಡಿಂದು, ವಾಚರ್ ಮುನಿಯನ ಮನೇದು, ಕರ್ರಗಿತ್ತು, ನಾನೇ ಬೆಳ್ಳಗೆ ಮಾಡಿದ್ದು ಅಂತ. ಹೆಮ್ಮೆಗೆ ಹೇಳ್ಕೊಂಡೆ."

ಟೀ ಆರುತ್ತಿತ್ತು. ಬೆಳಿಗ್ಗೆ ಮನಸ್ಸಿನಲ್ಲಿ ಚುಚ್ಚಿದ್ದನ್ನು ಅದುಮಿಟ್ಟಿದ್ದನಲ್ಲ, ಅದೀಗ ತಲೆ ಎತ್ತಿತು. ಮೀನು ಎಲ್ಲಿ ಅಂತ ಕೇಳಿದ.

ಪುಟ್ಟಬಸಪ್ಪ ಬಣ್ಣದ ಡಬ್ಬಗಳಿದ್ದ ಮೂಲೆಗೆ ಕರೆದುಕೊಂಡು ಹೋಗಿ, ಗೋಣಿ ಸರಿಸಿದ. ನಾಲ್ಕಡಿಗಿಂತ ಹೆಚ್ಚಿತ್ತು. ಮುಕ್ಕಾಲು ಮೈ ಕಪ್ಪಾಗಿತ್ತು. ಇಂಥ ಕಪ್ಪನ್ನು ಕಾಲೇಜಿನ ಬೀರುವಿನಲ್ಲಿ ಕಂಡಿದ್ದರೆ ಕೆಂಪನಂಜಪ್ಪನೂ ಮೋಸಹೋಗುತ್ತಿದ್ದ. ರೆಕ್ಕೆಯನ್ನು ಮೆಲ್ಲಗೆ ಎತ್ತಿದ. ಅಡಿಯಲ್ಲಿ ಮೂರು ಬೆರಳಗಲ ಜಾಗ ಬೆಳ್ಳಗೆ ಬಿಟ್ಟಿತ್ತು. ಮೂಗಿಗೆ ಇನ್ನೂ ಹಸಿಯಾದ ಮೀನಿನ ವಾಸನೆ ಬಂತು.

ದೊಡ್ಡ ಮಡುವಿನ ಹಿರಿಯ.

ಮೀನನ್ನು ಪಕ್ಕಕ್ಕೆ ಹೊರಳಿಸಿದ. ಹಲಗೆಯ ಕಡೆಗೆ ಬರಬೇಕಾದ ಮಗ್ಗುಲಿನಲ್ಲಿ, ಬಾಲದಿಂದ ಕಿವಿರಿನವರೆಗೆ ಹೊಲಿಗೆ. ಮೂರು ಹೊಲಿಗೆಗೊಂದು ಗಂಟು, ಗಂಟು ಒಳಮುಖ.

ಈ ಹೊಲಿಗೆ ಯಾವ ಪುಸ್ತಕದಲ್ಲೂ ಇಲ್ಲ. ಬೇಸಿಗೆ ಬಂತೆಂದರೆ ಕಾಲೇಜಿನ ಮೀನುಗಳೆಲ್ಲ ಮಗ್ಗುಲು ಬಿರಿಯುತ್ತವೆ ಅಂತ ತಾನೇ ಯೋಚಿಸಿ ಯೋಚಿಸಿ ಕಂಡುಕೊಂಡದ್ದು. ಇಡೀ ಮೂವತ್ತಮೂರು ವರ್ಷದಲ್ಲಿ ಒಬ್ಬನಿಗೆ ಮಾತ್ರ, ಕೈ ಹಿಡಿದು, ಸೂಜಿ ಕೊಟ್ಟು ಕಲಿಸಿದ್ದು.

ಅವನು ನಿನ್ನೆ ರೆಕ್ಕೆ ಎತ್ತಿ ನೋಡದೆ ಇರಲಿಲ್ಲ. ನೋಡಿದ್ದ.

ಹೆಸರು ಹೇಳದೆ ಫೋನ್ ಮಾಡಿದ್ದವನೂ ಅವನೇ: ಹುಡುಕುವ ಮೀನು ಮುನಿಯನ ಗೋಡೆಯಲ್ಲಿ ಸಿಕ್ಕಿತು ಅಂದರೆ, ಕಪ್ಪು ಮಾಡಿದ ಇದನ್ನು ಸಾಹೇಬರ ಕಾಲದ ಹಳೇ ಮೀನು ಅಂತ ಯಾರಿಗಾದರೂ ಮಾರಬಹುದು.

"ಯಾವಾಗ ಬರ್ತಾರೆ ತಗೊಂಡು ಹೋಗೋಕೆ?"

"ಇವತ್ತೇ ಅಂದಿದ್ರು ಸಾ. ಮಧ್ಯಾಹ್ನ."

ಕೆಂಪನಂಜಪ್ಪನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಪರದೆಯ ಮೇಲೆ ಹೆಸರು ಕಂಡು, ಪುಟ್ಟಬಸಪ್ಪನಿಗೆ ಸುಮ್ಮನಿರಲು ಸನ್ನೆ ಮಾಡಿ, ಸ್ಪೀಕರಿಗೆ ಹಾಕಿದ.

"ಸಾ, ನಾನು ಪ್ರಭು," ಅಂದಿತು ಆ ಕಡೆಯ ದನಿ. ಗಾಳಿ, ಬೈಕಿನ ಸದ್ದು. ಓಡಿಸುತ್ತಲೇ ಮಾತಾಡುವುದು ಅವನ ಹಳೇ ಚಾಳಿ. "ಮೇಡಮ್ಮೋರು ಫೋನ್ ಮಾಡಿದ್ರು. ಮುನಿಯಂದು ಹಳೇ ಮೀನಂತಲ್ಲ, ನಂದೇ ಆತುರ ಆಯ್ತು. ಅವ್ನು ಮನೆಗೆ ಹೋದ ಅಂತ ಕೇಳಿ ನಂಗೂ ಎಷ್ಟೋ ಸಮಾಧಾನ ಸಾ. ನೀವೆಲ್ಲಿದ್ದೀರಿ? ನಾನೂ ಕೊಳ್ಳೇಗಾಲಕ್ಕೇ ಬಂದೆ, ಸಣ್ಣದೊಂದು ಸಾಮಾನು ಎತ್ಕೊಬೇಕು. ಒಂದು ಟೀ ಕುಡಿಯೋಣ, ನೀವಿದ್ದಲ್ಲಿಗೇ ಬರ್ತೀನಿ."

ಪುಟ್ಟಬಸಪ್ಪ ಕೆಂಪನಂಜಪ್ಪನ ತೋಳು ಹಿಡಿದುಕೊಂಡ. ಇದೇ ದನಿ ಸಾ, ಅಂತ ತುಟಿಯಲ್ಲೇ ಹೇಳಿದ.

ಫೋನಿನೊಳಗೆ ಕೇಳುತ್ತಿದ್ದ ಬೈಕಿನ ಸದ್ದು ಈಗ ಓಣಿಯ ತುದಿಯಲ್ಲೂ ಕೇಳತೊಡಗಿತ್ತು. ಎರಡೂ ಹತ್ತಿರ ಹತ್ತಿರ ಬಂದು, ಒಂದೇ ಆಗಿ, ಶೆಡ್ಡಿನ ಬಾಗಿಲ ಮುಂದೆ ನಿಂತವು.